ಒದ್ದೆ ಅಂಗೈ ಮತ್ತು ವಾರ್ಡಿನ ಕೆಲಸ: ನಾನು ಬಳಸಿ ನೋಡಿದ ನಾಲ್ಕು ಉಪಾಯಗಳು

ಹಾಸನದ ಹವೆಯನ್ನು ಬಲ್ಲವರಿಗೆ ನನ್ನ ತೊಂದರೆ ಮೊದಲ ಮಾತಿಗೇ ಅರ್ಥವಾಗುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ, ಜನವರಿಯ ಮುಂಜಾನೆ ರೋಗಿಗಳ ಕಡೆಯವರು ಮಫ್ಲರ್ ಸುತ್ತಿಕೊಂಡೇ ವಾರ್ಡಿಗೆ ಬರುವ ಊರಿನಲ್ಲಿ ಸ್ಟಾಫ್ ನರ್ಸ್ ಒಬ್ಬಳ ಅಂಗೈಯಿಂದ ಬೆವರು ತೊಟ್ಟಿಕ್ಕುತ್ತದೆ ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಅರಕಲಗೂಡು ಕಡೆಯ ಅಜ್ಜಿಯೊಬ್ಬರು, ನಾನು ಕ್ಯಾನುಲಾ (ರಕ್ತನಾಳಕ್ಕೆ ಏರಿಸುವ ಸಣ್ಣ ಕೊಳವೆ) ಹಾಕಲು ಅವರ ಮುಂಗೈ ಹಿಡಿದಾಗ, “ಯಾಕವ್ವ, ಕೈ ಹಿಂಗೆ ಒದ್ದೆಯಾಗೈತೆ, ಹೆದ್ರಿಕೊಂಡಿದ್ದೀಯಾ?” ಎಂದು ಕೇಳಿದ್ದರು. ಹೆದರಬೇಕಾದವರು ನನಗೆ ಧೈರ್ಯ ಹೇಳಿದ ಆ ದಿನವೇ ನಾನು ಚರ್ಮರೋಗ ತಜ್ಞರನ್ನು ಕಾಣಲು ನಿಶ್ಚಯಿಸಿದೆ. ಆಗ ನಾನು ಕೆಲಸಕ್ಕೆ ಸೇರಿ ಆರು ವರ್ಷವಾಗಿತ್ತು.

ವೈದ್ಯರು ಕೇಳಿದ ಮೊದಲ ಪ್ರಶ್ನೆ ನಿದ್ದೆಯಲ್ಲೂ ಬೆವರುತ್ತದೆಯೇ ಎಂಬುದಾಗಿತ್ತು. ಹದಿಹರೆಯದಿಂದಲೇ ಎರಡೂ ಅಂಗೈ, ಕಂಕುಳು, ಪಾದಗಳಲ್ಲಿ ಸಮನಾಗಿ ಕಾಣಿಸಿಕೊಂಡು, ನಿದ್ದೆ ಹತ್ತಿದೊಡನೆ ನಿಲ್ಲುವ ಅತಿಬೆವರು ಒಂದು ಬಗೆಯದು. ನಡುವಯಸ್ಸಿನಲ್ಲಿ ಹೊಸದಾಗಿ ಶುರುವಾಗಿ, ರಾತ್ರಿ ಹಾಸಿಗೆ ತೋಯಿಸಿ, ಜೊತೆಗೆ ತೂಕ ಇಳಿಸುವ ಬೆವರು ಬೇರೆಯದು. ಅದರ ಹಿಂದೆ ಥೈರಾಯ್ಡ್, ಕ್ಷಯ ಮುಂತಾದವು ಇರಬಹುದು. ನನ್ನದು ಮೊದಲನೆಯ ಬಗೆ. ಆದರೂ ಥೈರಾಯ್ಡ್ ಮತ್ತು ಸಕ್ಕರೆಯ ಪರೀಕ್ಷೆ ಆದ ಮೇಲೆಯೇ ಚಿಕಿತ್ಸೆಯ ಮಾತು ಬಂದಿತು. ಬೇರೆ ಕಾರಣ ಇಲ್ಲವೆಂದು ಖಚಿತವಾಗದವರಿಗೆ ಮುಂದಿನ ಹೋಲಿಕೆ ಉಪಯೋಗಕ್ಕೆ ಬರುವುದಿಲ್ಲ.

ಬೆವರು ಎಷ್ಟು ಕಡಿಮೆಯಾಯಿತು ಎಂಬುದೊಂದನ್ನೇ ಅಳತೆಗೋಲು ಮಾಡಿಕೊಂಡರೆ ನಮ್ಮ ವೃತ್ತಿಯವರಿಗೆ ಲೆಕ್ಕ ತಪ್ಪುತ್ತದೆ. ಕೈ ಒದ್ದೆಯಾಗಿದ್ದರೆ ಗ್ಲೌಸ್ ಅರ್ಧಕ್ಕೇ ಸಿಕ್ಕಿಕೊಂಡು ಹರಿಯುತ್ತದೆ. ಸ್ಯಾನಿಟೈಸರ್ ನೀರಾಗಿ ತನ್ನ ಬಲ ಕಳೆದುಕೊಳ್ಳುತ್ತದೆ. ಕೇಸ್ ಶೀಟಿನ ಶಾಯಿ ಹರಡುತ್ತದೆ. ಬೆಳಗಿನ ಹಾಜರಿಯ ಬೆರಳಚ್ಚು ಯಂತ್ರವಂತೂ ಮೂರು ಸಲ ಒರೆಸಿಕೊಂಡರೂ ನನ್ನನ್ನು ಗುರುತಿಸುತ್ತಿರಲಿಲ್ಲ. ಆದ್ದರಿಂದ ನಾನು ನೋಡಿದ್ದು ಮೂರು ಸಂಗತಿ: ಎಂಟು ಗಂಟೆಯ ಡ್ಯೂಟಿಯುದ್ದಕ್ಕೂ ಪರಿಣಾಮ ಉಳಿಯುತ್ತದೆಯೇ, ರಕ್ತನಾಳ ತಡಕುವ ಬೆರಳ ತುದಿಯ ಸೂಕ್ಷ್ಮತೆ ಉಳಿಯುತ್ತದೆಯೇ, ಚರ್ಮ ಒಡೆಯದೆ ಇರುತ್ತದೆಯೇ. ಮೂರನೆಯದು ಹೊರಗಿನವರಿಗೆ ಸಣ್ಣದಾಗಿ ಕಾಣಬಹುದು, ಆದರೆ ರೋಗಿಗಳ ರಕ್ತ ಮುಟ್ಟುವ ಕೈಯಲ್ಲಿ ಬಿರುಕೆಂಬುದು ಸೋಂಕಿಗೆ ತೆರೆದಿಟ್ಟ ಬಾಗಿಲು.

ಮೊದಲು ಬಳಸಿದ್ದು ಶೇಕಡಾ 20ರ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣ. ಅದು ಬೆವರಿನ ನಾಳದ ಬಾಯಲ್ಲಿ ಬಿರಡೆಯಂತೆ ಕೂರುತ್ತದೆ. ಮಲಗುವಾಗ ಹಚ್ಚಿ ಎದ್ದ ಮೇಲೆ ತೊಳೆಯಬೇಕೆಂಬುದು ಸೂಚನೆ. ರಾತ್ರಿ ಪಾಳಿಯ ವಾರದಲ್ಲಿ ನಾನು ಅಭ್ಯಾಸಬಲದಿಂದ ಸಂಜೆ ಡ್ಯೂಟಿಗೆ ಹೊರಡುವ ಮುನ್ನ ಹಚ್ಚಿಕೊಂಡು ಉರಿಯಿಂದ ಒದ್ದಾಡಿದ ಮೇಲೆಯೇ ಅದರ ಅರ್ಥ ತಿಳಿಯಿತು. ಮುಖ್ಯವಾದದ್ದು ಗಡಿಯಾರದ ರಾತ್ರಿಯಲ್ಲ, ನಿದ್ದೆ; ಏಕೆಂದರೆ ಒದ್ದೆ ಚರ್ಮದ ಮೇಲೆ ಈ ಲವಣ ನೀರಿನೊಡನೆ ಸೇರಿ ಆಮ್ಲವನ್ನು ಹುಟ್ಟಿಸುತ್ತದೆ, ನಿದ್ದೆಯಲ್ಲಾದರೋ ಗ್ರಂಥಿಗಳು ಸುಮ್ಮನಿರುತ್ತವೆ. ಅಂದಿನಿಂದ ರಾತ್ರಿ ಪಾಳಿಯಿದ್ದಾಗ ಬೆಳಿಗ್ಗೆ ಮನೆಗೆ ಬಂದು, ಕಂಕುಳನ್ನು ಚೆನ್ನಾಗಿ ಒಣಗಿಸಿ, ಹಚ್ಚಿ ಮಲಗುತ್ತೇನೆ. ಕಂಕುಳಿಗೆ ಇದಕ್ಕಿಂತ ಸುಲಭವಾದುದನ್ನು ನಾನು ಕಾಣೆ: ಒಂದು ವಾರದಲ್ಲಿ ಸಮವಸ್ತ್ರದ ಮೇಲಿನ ಕಲೆ ಮಾಯವಾಯಿತು, ಈಗ ವಾರಕ್ಕೆರಡು ಸಲ ಸಾಕು. ಕೂದಲು ತೆಗೆದ ದಿನ ಮತ್ತು ಮರುದಿನ ಮಾತ್ರ ಮುಟ್ಟಬಾರದು. ಅಂಗೈಯ ಮಾತು ಬೇರೆ. ಅಲ್ಲಿನ ದಪ್ಪ ಚರ್ಮದಲ್ಲಿ ಬೆವರು ಅಷ್ಟಾಗಿ ತಗ್ಗಲಿಲ್ಲ. ಬದಲಿಗೆ ಮೂರನೆಯ ವಾರಕ್ಕೆ ಬೆರಳ ಸಂದಿಗಳು ಬಿರಿದು, ದಿನಕ್ಕೆ ಐವತ್ತು ಸಲ ಹಾಕುವ ಸ್ಯಾನಿಟೈಸರ್ ಆ ಬಿರುಕುಗಳಿಗೆ ಇಳಿದಾಗ ಕಣ್ಣಲ್ಲಿ ನೀರು ಬರುತ್ತಿತ್ತು. ಅಂಗೈಗೆ ಅದನ್ನು ಅಲ್ಲಿಗೇ ಬಿಟ್ಟೆ.

ಎರಡನೆಯದು ಗ್ಲೌಸಿನ ಒಳಗೆ ತೊಡುವ ತೆಳು ಹತ್ತಿಯ ಕೈಗವಸು. ಇದು ಬೆವರನ್ನು ನಿಲ್ಲಿಸುವುದಿಲ್ಲ, ಹೀರಿಕೊಳ್ಳುತ್ತದೆ ಅಷ್ಟೆ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಹೇಳಿದಂತೆ ಎಂಟು ಜೊತೆ ಕೊಂಡು, ಹೊರಗಿನ ನೈಟ್ರೈಲ್ ಗ್ಲೌಸನ್ನು ಸ್ಮಾಲ್ ಬದಲು ಮೀಡಿಯಂ ಮಾಡಿಕೊಂಡೆ. ರೋಗಿಯನ್ನು ಸ್ಪಂಜ್ ಮಾಡುವಾಗ, ಹಾಸಿಗೆ ಬದಲಿಸುವಾಗ ಇದು ಬಹಳ ಹಿತ. ಆದರೆ ಬೆರಳಿಗೂ ರಕ್ತನಾಳಕ್ಕೂ ನಡುವೆ ಎರಡು ಪದರ ಬಂದರೆ ಮಕ್ಕಳ ಕೈಯಲ್ಲಿ ನಾಳ ಸಿಗುವುದೇ ಇಲ್ಲ. ತುದಿ ಕತ್ತರಿಸಿಕೊಂಡು ನೋಡಿದರೆ ಬೆವರು ಆ ತುದಿಗೇ ಇಳಿದು ನಿಲ್ಲುತ್ತಿತ್ತು. ರೋಗಿಯಿಂದ ರೋಗಿಗೆ ಹೊರಗಿನ ಗ್ಲೌಸ್ ತೆಗೆದು ಕೈ ಶುಚಿ ಮಾಡಿಕೊಳ್ಳುವಾಗ ಒಳಗಿನದನ್ನೂ ಕಳಚಲೇಬೇಕಾದ್ದರಿಂದ ಎಂಟು ಜೊತೆ ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಇನ್ನು ಆಷಾಢದ ಮಳೆ ಹಿಡಿದ ಮೇಲೆ ಹಾಸನದಲ್ಲಿ ಒಗೆದದ್ದು ಎರಡು ದಿನಕ್ಕೂ ಒಣಗದು. ಒಳಗೆ ಪೌಡರ್ ಉದುರಿಸಿಕೊಳ್ಳುವ ಹಳೆಯ ಪದ್ಧತಿಯನ್ನು ಕೆಲವರು ಸೂಚಿಸಿದರು. ಆ ಪುಡಿ ಗಾಯಕ್ಕೆ ಬಿದ್ದರೆ ಗಂಟುಕಟ್ಟುತ್ತದೆಂಬ ಕಾರಣವೂ ಸೇರಿ ಅಮೆರಿಕದಲ್ಲಿ 2017ರಲ್ಲಿ ಪೌಡರ್ ಗ್ಲೌಸನ್ನೇ ನಿಷೇಧಿಸಿದ್ದಾರೆ, ನಾನು ಆ ದಾರಿಗೆ ಹೋಗಲಿಲ್ಲ.

ಮೂರನೆಯದು ಅಯಾಂಟೊಫೊರೆಸಿಸ್, ಅಂದರೆ ನೀರಿನ ತಟ್ಟೆಗಳ ಮೂಲಕ ಅಂಗೈಗೆ ಅಲ್ಪ ವಿದ್ಯುತ್ ಹಾಯಿಸುವ ಕ್ರಮ. ಎರಡು ತಟ್ಟೆಗಳಲ್ಲಿ ಅಂಗೈ ಮುಳುಗುವಷ್ಟು ನಲ್ಲಿ ನೀರು, ತಳದಲ್ಲಿ ಲೋಹದ ಹಾಳೆ, ಅದರ ಮೇಲೆ ಟವೆಲ್. ನನಗೆ ಹೊಂದಿದ್ದು 15 ಮಿಲಿಆಂಪಿಯರ್, ಇಪ್ಪತ್ತು ನಿಮಿಷ, ಅರ್ಧದಲ್ಲಿ ವಿದ್ಯುತ್ತಿನ ದಿಕ್ಕು ಬದಲು. ಉಂಗುರ, ಬಳೆ ತೆಗೆದಿಡಬೇಕು, ಗೀರುಗಳಿಗೆ ವ್ಯಾಸಲೀನ್ ಸವರಬೇಕು, ನಡುವೆ ಫೋನ್ ಬಂತೆಂದು ಕೈ ಎತ್ತಿದರೆ ಚುರ್ರೆಂದು ಹೊಡೆಯುತ್ತದೆ. ಗರ್ಭಿಣಿಯರಿಗೂ ಪೇಸ್‌ಮೇಕರ್ ಇದ್ದವರಿಗೂ ಇದು ಸಲ್ಲದು. ಕ್ಲಿನಿಕ್ಕಿನಲ್ಲಿ ವಾರಕ್ಕೆ ಮೂರರಂತೆ ಏಳು ಸಲ ಕೂತರೂ ಏನೂ ಕಾಣದೆ, ದುಡ್ಡು ಹೋಯಿತೆಂದು ನಮ್ಮ ಯಜಮಾನರ ಮುಂದೆ ಗೊಣಗಿದ್ದೆ. ಎಂಟನೆಯದರ ಮರುದಿನ ಬೆಳಿಗ್ಗೆ ಗ್ಲೌಸ್ ಒಂದೇ ಎಳೆತಕ್ಕೆ ಮಣಿಕಟ್ಟಿನವರೆಗೂ ಸರಿದು ಕೂತಾಗ ನಾನು ಅದನ್ನು ತೆಗೆದು ಮತ್ತೊಮ್ಮೆ ಹಾಕಿ ನೋಡಿದೆ. ಸ್ಟೋರಿನವರು ಲೆಕ್ಕ ಕೇಳಲಿಲ್ಲ.

ಬಳಿಕ ಅರ್ಧ ತಿಂಗಳ ಸಂಬಳಕ್ಕೂ ಹೆಚ್ಚು ಕೊಟ್ಟು ಬ್ಯಾಟರಿಯ ಯಂತ್ರವನ್ನೇ ತರಿಸಿಕೊಂಡೆ. ಇಲ್ಲಿ ಊರಿನ ನೀರೂ ಲೆಕ್ಕಕ್ಕೆ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಹಾಸನದ ನಮ್ಮ ಮನೆಯ ಬೋರ್‌ವೆಲ್ ನೀರು ಗಡಸು; ಅದರಲ್ಲಿನ ಲವಣಗಳಿಂದಾಗಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ. ಸಕಲೇಶಪುರದ ಆಚೆಯ ತವರಿಗೆ ಯಂತ್ರ ಒಯ್ದಾಗ, ಅಲ್ಲಿನ ಮೆದು ಒರತೆ ನೀರಿನಲ್ಲಿ ಮುಳ್ಳು 4 ಮಿಲಿಆಂಪಿಯರಿನ ಮೇಲೆ ಏರಲೊಲ್ಲದು. ಯಂತ್ರ ಕೆಟ್ಟಿತೆಂದೇ ತಿಳಿದಿದ್ದೆ. ಕೈಪಿಡಿ ತೆಗೆದು ಓದಿ, ಅಮ್ಮನ ಅಡುಗೆ ಮನೆಯಿಂದ ಚಿಟಿಕೆ ಸೋಡಾ ತಂದು ಹಾಕಿದ ಮೇಲೆ ಸರಿಹೋಯಿತು. ಈ ಕ್ರಮದ ನಿಜವಾದ ಕೊರತೆ ಎಂದರೆ ಅದಕ್ಕೆ ರಜೆಯಿಲ್ಲ. ವಾರಕ್ಕೊಮ್ಮೆಯಾದರೂ ಕೂರಲೇಬೇಕು, ಸತತ ಡಬಲ್ ಡ್ಯೂಟಿ ಬಿದ್ದು ಮೂರು ವಾರ ತಪ್ಪಿಸಿದಾಗ ಬೆವರು ಮರಳಿ ಬಂದು, ಮತ್ತೆ ಮೊದಲಿನಂತೆ ವಾರಕ್ಕೆ ಮೂರು ಸಲ ಕೂರಬೇಕಾಯಿತು.

ಆ ಮೂರು ವಾರದ ಇಕ್ಕಟ್ಟಿನಲ್ಲೇ ವೈದ್ಯರು ನಾಲ್ಕನೆಯದನ್ನು ಬರೆದುಕೊಟ್ಟರು: ಗ್ಲೈಕೋಪೈರೊಲೇಟ್ ಮಾತ್ರೆ, 1 ಮಿಲಿಗ್ರಾಂ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಅರಿವಳಿಕೆಗೆ ಮುನ್ನ ರೋಗಿಯ ಜೊಲ್ಲು ಒಣಗಿಸಲು ನಾವೇ ಸಿರಿಂಜಿಗೆ ಎಳೆಯುವ ಔಷಧ ಅದು. ಬೆವರಿನ ಗ್ರಂಥಿಗೆ ನರ ಕೊಡುವ ಸೂಚನೆಯನ್ನೇ ತಡೆಯುವುದರಿಂದ ಅಂಗೈ, ಕಂಕುಳು, ಪಾದ ಎಲ್ಲವೂ ಒಟ್ಟಿಗೇ ಒಣಗುತ್ತವೆ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಒಂದು ಗಂಟೆಯೊಳಗೆ ಗೊತ್ತಾಗುತ್ತದೆ, ತಿಂಡಿಯ ಮೇಲೆ ನುಂಗಿದರೆ ಅರ್ಧವೂ ಹತ್ತುವುದಿಲ್ಲ. ಬಲದ ಮಟ್ಟಿಗೆ ನಾಲ್ಕರಲ್ಲಿ ಇದೇ ಮೇಲು. ಆದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತದೆ, ಮಾಸ್ಕ್ ತೆಗೆದು ನೀರು ಕುಡಿಯಲು ಬಿಡುವಿಲ್ಲದ ವಾರ್ಡಿನಲ್ಲಿ ಅದು ಸಣ್ಣ ಶಿಕ್ಷೆಯಲ್ಲ. ಮಲಬದ್ಧತೆಯಾಯಿತು, ಸಂಜೆಯ ಹೊತ್ತಿಗೆ ಚುಚ್ಚುಮದ್ದಿನ ಪುಟ್ಟ ಗಾಜಿನ ಆಂಪೂಲಿನ ಮೇಲಿನ ಸಣ್ಣಕ್ಷರ ಮಸುಕಾಯಿತು. ಔಷಧದ ಹೆಸರು ಓದಲು ಕಣ್ಣು ಕಿರಿದು ಮಾಡಬೇಕಾದ ದಿನ ನನಗೆ ಒಣಗಿದ ಕೈಗಿಂತ ಒದ್ದೆ ಕೈಯೇ ಮೇಲೆನ್ನಿಸಿತು. ಮೈ ಬೆವರದಿದ್ದರೆ ಬಿಸಿಲಿನಲ್ಲಿ ದೇಹದ ಕಾವು ಏರುವ ಅಪಾಯವೂ ಇದೆ. ಗ್ಲಾಕೋಮ (ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ) ಇದ್ದವರಂತೂ ವೈದ್ಯರಿಗೆ ತಿಳಿಸದೆ ಇದನ್ನು ಮುಟ್ಟಲೇಬಾರದು. ನಮಗೆ ಫಾರ್ಮಸಿ ಕೈಗೆಟಕುವ ದೂರದಲ್ಲಿರುವುದರಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ.

ಬೊಟಾಕ್ಸ್ ಚುಚ್ಚುಮದ್ದನ್ನು ವಿಚಾರಿಸಿದೆ, ಮಾಡಿಸಿಕೊಳ್ಳಲಿಲ್ಲ. ಅಂಗೈಗೆ ಚುಚ್ಚಿದಾಗ ಕೆಲವರಿಗೆ ಹೆಬ್ಬೆರಳ ಹಿಡಿತ ಕೆಲ ವಾರ ಸಡಿಲವಾಗುತ್ತದೆ, ನನ್ನ ಅನ್ನ ಇರುವುದೇ ಆ ಹಿಡಿತದಲ್ಲಿ. ಎದೆಯೊಳಗಿನ ನರ ಕತ್ತರಿಸುವ ಶಸ್ತ್ರಚಿಕಿತ್ಸೆಯಲ್ಲಿ ಅಂಗೈಯ ಬೆವರು ನಿಂತು ಬೆನ್ನು, ಹೊಟ್ಟೆಗಳಲ್ಲಿ ಹೊಸದಾಗಿ ಹುಟ್ಟಬಹುದು ಎಂದಮೇಲೆ ಅದರ ಯೋಚನೆಯನ್ನೇ ಬಿಟ್ಟೆ.

ಎರಡು ವರ್ಷದಿಂದ ನನ್ನ ವ್ಯವಸ್ಥೆ ಹೀಗಿದೆ. ಅಂಗೈಗೆ ಭಾನುವಾರದ ನೀರಿನ ತಟ್ಟೆ, ಕಂಕುಳಿಗೆ ದ್ರಾವಣ, ಹಾಸಿಗೆ ಕೆಲಸಕ್ಕೆ ಹತ್ತಿ. ಮಾತ್ರೆಯನ್ನು ವೈದ್ಯರ ಒಪ್ಪಿಗೆಯಂತೆ, ಔಷಧ ಕೊಡುವ ಪಾಳಿಯಲ್ಲದ ದಿನ ಮಾತ್ರ, ಅದೂ ತಿಂಗಳಿಗೆ ಎರಡನ್ನು ಮೀರದಂತೆ ನುಂಗುತ್ತೇನೆ. ಹೊಸದಾಗಿ ಸೇರಿದವರು ಒಂದನ್ನೇ ಕೊಳ್ಳುವುದಾದರೆ ಯಾವುದೆಂದು ಕೇಳಿದರೆ, ಮೊದಲು ಯಂತ್ರ ಕೊಳ್ಳಬೇಡಿ, ಕ್ಲಿನಿಕ್ಕಿನಲ್ಲಿ ಹತ್ತು ಸಲ ಕೂತು ನೋಡಿ ಎನ್ನುತ್ತೇನೆ. ಏಳಕ್ಕೇ ಎದ್ದು ಬರಬೇಡಿ ಎಂದೂ ಸೇರಿಸುತ್ತೇನೆ. ಪಾದಗಳು ಇನ್ನೂ ಬೆವರುತ್ತವೆ. ಅವಕ್ಕೂ ತಟ್ಟೆಯಲ್ಲಿ ಇಪ್ಪತ್ತು ನಿಮಿಷ ಕೊಡಬಹುದಿತ್ತು, ಆದರೆ ಭಾನುವಾರದ ಅಷ್ಟು ಹೊತ್ತು ನನ್ನಲ್ಲಿಲ್ಲ. ಬ್ಯಾಗಿನಲ್ಲಿ ಎರಡು ಜೊತೆ ಹತ್ತಿಯ ಕಾಲುಚೀಲ ಇಟ್ಟುಕೊಂಡು ಊಟದ ವಿರಾಮದಲ್ಲಿ ಬದಲಿಸುತ್ತೇನೆ.