ಪೇಂಟಿಂಗ್ ಅಂತ ಪ್ರಿಂಟ್ ಮಾರುತ್ತಾರೆ, ಹುಷಾರು

ಆನ್‌ಲೈನಲ್ಲಿ ಒರಿಜಿನಲ್ ಪೇಂಟಿಂಗ್ ಕೊಳ್ಳಬೇಕು ಅಂತಿರುವವರು ದುಡ್ಡು ಕಳಿಸುವ ಮುಂಚೆ ಇದನ್ನು ಓದಿಬಿಡಿ. ನಾನು ಮೋಸ ಹೋಗಿದ್ದೇನೆ.

ಖಾಲಿ ಬಯಲಲ್ಲಿ ಒಂಟಿ ಬಾಗಿಲು, ಬಾಗಿಲೊಳಗೆ ಸಮುದ್ರ, ಮೇಲೆ ಮೀನಿನ ಕಣ್ಣಿನಂಥ ಚಂದ್ರ. ಸರ್ರಿಯಲಿಸ್ಟ್ ಚಿತ್ರ, ಅಂದರೆ ಕನಸಿನಂತೆ ವಿಚಿತ್ರವಾಗಿ ಬಿಡಿಸಿದ್ದು, ಕ್ಯಾನ್ವಾಸ್ ಮೇಲೆ ಅಕ್ರಿಲಿಕ್ ಬಣ್ಣ, ಇರುವುದು ಒಂದೇ ಒಂದು ಅಂತ ಬರೆದಿತ್ತು. ನೋಡಿದ ಕೂಡಲೇ ಮನಸ್ಸು ಸೋತಿತು. ಮಾರುವವರು ತಾವೇ ಕಲಾವಿದರು ಅಂದರು. ಕನಸಲ್ಲಿ ಕಂಡಿದ್ದು, ಬಿಡಿಸೋಕೆ ಮೂರು ತಿಂಗಳು ಹಿಡಿಯಿತು ಅಂತೆಲ್ಲ ಮೆಸೇಜಲ್ಲಿ ಹೇಳಿಕೊಂಡರು. 1924ರಲ್ಲಿ ಫ್ರೆಂಚ್ ಕವಿ ಆಂದ್ರೆ ಬ್ರೆತಾನ್ ಈ ಕಲಾ ಚಳವಳಿಯ ಪ್ರಣಾಳಿಕೆ ಬರೆದ ಕಾಲದಿಂದಲೂ ಸರ್ರಿಯಲಿಸಂಗೆ ಕನಸೇ ಜೀವಾಳ ಅಲ್ವಾ, ಹಾಗಾಗಿ ಆ ಕಥೆ ಬಗ್ಗೆ ನನಗೆ ಅನುಮಾನವೇ ಬರಲಿಲ್ಲ. 'ಇನ್ನೊಬ್ಬರು ಕೇಳುತ್ತಿದ್ದಾರೆ, ಇವತ್ತೇ ಹೇಳಿ' ಅಂದರು. ಪೂರ್ತಿ ದುಡ್ಡು ಕಳಿಸಿಬಿಟ್ಟೆ.

ಬಂದ ಚಿತ್ರವನ್ನು ಕಿಟಕಿ ಹತ್ತಿರ ಓರೆಯಾಗಿ ಹಿಡಿದಾಗ ಎದೆ ಧಸಕ್ಕೆಂದಿತು. ಚಂದ್ರ ದುಂಡಗಿದ್ದಾನೆ, ಆದರೆ ಅವನ ಮೇಲಿನ ಬ್ರಷ್ ಗೆರೆಗಳು ಎಡದಿಂದ ಬಲಕ್ಕೆ ನೆಟ್ಟಗೆ ಹಾದುಹೋಗಿವೆ. ಬಾಗಿಲ ಮೇಲೂ ಅದೇ ಗೆರೆ, ಆಕಾಶದ ಮೇಲೂ ಅದೇ. ಭೂತಗನ್ನಡಿ ಇಟ್ಟು ನೋಡಿದರೆ ನೀಲಿ, ಗುಲಾಬಿ, ಹಳದಿ ಬಣ್ಣದ ಸಣ್ಣ ಸಣ್ಣ ಚುಕ್ಕಿಗಳು. ಕೈಯಲ್ಲಿ ಕಲಸಿದ ಬಣ್ಣ ಹಾಗೆ ಚುಕ್ಕಿಚುಕ್ಕಿಯಾಗಿ ಕಾಣುವುದಿಲ್ಲ. ಅದು ಕ್ಯಾನ್ವಾಸ್ ಮೇಲೆ ತೆಗೆದ ಪ್ರಿಂಟ್. ಮೇಲೆ ಬ್ರಷ್ಷಲ್ಲಿ ಪಾರದರ್ಶಕ ಅಕ್ರಿಲಿಕ್ ಜೆಲ್ ಬಳಿದಿದ್ದಾರೆ, ಆ ಗೆರೆಗಳು ಅದರವೇ, ಮುಟ್ಟಿದರೆ ಒರಟಾಗಿ ಸಿಗಲಿ ಅಂತ.

ಫೋಟೋ ಹಾಕಿ ಹುಡುಕಿದೆ. ಆ ಚಿತ್ರ ಬಿಡಿಸಿದವರೇ ಬೇರೆ. ಅವರಿಗೆ ಬರೆದಾಗ, ಮೂಲ ಚಿತ್ರ ತಮ್ಮ ಮನೆಯಲ್ಲೇ ಇದೆ, ಅದನ್ನು ಯಾವತ್ತೂ ಮಾರಾಟಕ್ಕೆ ಇಟ್ಟಿರಲಿಲ್ಲ ಅಂದರು. ನನ್ನ ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿದಿದ್ದು ಅದಕ್ಕೆ. ಯಾರದೋ ಕನಸನ್ನು ಕದ್ದು, ಅದಕ್ಕೊಂದು ಸುಳ್ಳು ಕಥೆ ಕಟ್ಟಿ ಮಾರಿದ್ದಾರೆ.

ಸಹಿ ಇದೆ, ಸರ್ಟಿಫಿಕೇಟ್ ಇದೆ ಅಂತ ನಂಬಬೇಡಿ, ನನಗೂ ಎರಡೂ ಕೊಟ್ಟಿದ್ದರು. 1974ರಲ್ಲಿ ಫ್ರೆಂಚ್ ಕಸ್ಟಮ್ಸ್‌ನವರ ಕೈಗೆ ಹೆಸರಾಂತ ಸರ್ರಿಯಲಿಸ್ಟ್ ಕಲಾವಿದ ಸಾಲ್ವಡಾರ್ ಡಾಲಿ ಸಹಿ ಮಾಡಿದ ಸಾವಿರಾರು ಖಾಲಿ ಹಾಳೆಗಳೇ ಸಿಕ್ಕಿದ್ದವು, ಅವುಗಳ ಮೇಲೆ ಯಾರು ಏನು ಬೇಕಾದರೂ ಪ್ರಿಂಟ್ ಮಾಡಬಹುದಿತ್ತು. ಸಹಿ ನಂಬುವ ಬದಲು ಓರೆ ಬೆಳಕಲ್ಲಿ ತೆಗೆದ ವಿಡಿಯೋ ಕೇಳಿ. ಕ್ಯಾನ್ವಾಸಿನ ಹಿಂಭಾಗ, ಅಂಚು, ಅರ್ಧ ಬಿಡಿಸಿದಾಗಿನ ಫೋಟೋ ಕೇಳಿ. ಅಕ್ರಿಲಿಕ್ ಬೇಗ ಒಣಗುತ್ತೆ, ಪದರದ ಮೇಲೆ ಪದರ ಹಚ್ಚುತ್ತಾರೆ, ಹಾಗಾಗಿ ಎಷ್ಟೋ ಸಲ ಅಂಚಲ್ಲಿ ಕೆಳಗಿನ ಬಣ್ಣ ಇಣುಕುತ್ತಿರುತ್ತದೆ. ನಿಜವಾದ ಕಲಾವಿದರು ಇಂಥ ಪ್ರಶ್ನೆಗೆ ಖುಷಿಯಿಂದ ಉತ್ತರ ಕೊಡುತ್ತಾರೆ, ಆ ಮೂಲ ಕಲಾವಿದರು ನನಗೆ ಕೇಳದೆಯೇ ಐದಾರು ಫೋಟೋ ಕಳಿಸಿದರು. ನನಗೆ ಮಾರಿದವರು 'ನಂಬಿಕೆ ಇಲ್ಲದಿದ್ದರೆ ಬಿಡಿ' ಅಂದಿದ್ದರು. ಅಲ್ಲೇ ಬಿಡಬೇಕಿತ್ತು.

ದುಡ್ಡು ಇನ್ನೂ ವಾಪಸ್ ಬಂದಿಲ್ಲ. ನಾನು ದೂರು ಕೊಟ್ಟ ಮೇಲೆ ಆ ಜಾಹೀರಾತು ತೆಗೆದರು. ಮೊನ್ನೆ ನೋಡಿದರೆ ಅದೇ ಬಾಗಿಲು, ಅದೇ ಚಂದ್ರ, ಬೇರೆ ಹೆಸರಲ್ಲಿ ಮತ್ತೆ ಮಾರಾಟಕ್ಕಿದೆ. ಇರುವುದು ಒಂದೇ ಒಂದು ಅಂತಲೇ ಬರೆದಿದ್ದಾರೆ.