ಪಿಎನ್‌ಜಿಯೊಳಗೇ ಮೂಲ ಫೈಲ್: ಡ್ರಾ ಡಾಟ್ ಐಓ ನನಗೆ ಇಷ್ಟವಾಗಿದ್ದು ಇದಕ್ಕೇ

ನೆಟ್‌ವರ್ಕ್ ಡಯಾಗ್ರಾಮ್ (ಕಂಪ್ಯೂಟರ್‌ಗಳು ಹೇಗೆ ಜೋಡಣೆಯಾಗಿವೆ ಅಂತ ತೋರಿಸುವ ಚಿತ್ರ) ಬರೆಯೋಕೆ ಯಾವ ಸಾಫ್ಟ್‌ವೇರ್ ಒಳ್ಳೇದು ಅಂತ ಜೂನಿಯರ್‌ಗಳು ಕೇಳಿದಾಗೆಲ್ಲ ನಾನು ಹೇಳುವುದು ಡ್ರಾ ಡಾಟ್ ಐಓ. ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ನನ್ನನ್ನು ಹಿಡಿದಿಟ್ಟಿದ್ದು ಬೇರೆಯೇ.

ಪಿಎನ್‌ಜಿ (ಮಾಮೂಲಿ ಚಿತ್ರದ ಫೈಲ್) ಆಗಿ ಎಕ್ಸ್‌ಪೋರ್ಟ್ ಮಾಡುವಾಗ 'ಇನ್‌ಕ್ಲೂಡ್ ಎ ಕಾಪಿ ಆಫ್ ಮೈ ಡಯಾಗ್ರಾಮ್' ಅಂತ ಒಂದು ಟಿಕ್ ಇದೆ. ಅದನ್ನು ಹಾಕಿದರೆ ಮೂಲ ಡಯಾಗ್ರಾಮ್ ಆ ಚಿತ್ರದ ಫೈಲೊಳಗೇ ಸೇರಿಕೊಳ್ಳುತ್ತದೆ. ನೋಡೋಕೆ ಮಾಮೂಲಿ ಚಿತ್ರ. ಮತ್ತೆ ಡ್ರಾ ಡಾಟ್ ಐಓದಲ್ಲಿ ತೆರೆದರೆ ರೂಟರ್, ಸ್ವಿಚ್, ಗೆರೆ ಎಲ್ಲವನ್ನೂ ಎಳೆದಾಡಬಹುದು! ಪ್ರಾಜೆಕ್ಟ್ ಸಬ್ಮಿಷನ್ ಹಿಂದಿನ ಸಂಜೆ ಗೈಡ್ "ಇಲ್ಲೊಂದು ಫೈರ್‌ವಾಲ್ ಸೇರಿಸಿ" ಅಂದರೂ, ಮೂಲ ಫೈಲ್ ಯಾರ ಲ್ಯಾಪ್‌ಟಾಪ್‌ನಲ್ಲಿದೆ ಅಂತ ಹುಡುಕಬೇಕಿಲ್ಲ. ಆದರೆ ವಾಟ್ಸಾಪ್‌ನಲ್ಲಿ ಫೋಟೊ ಥರ ಕಳಿಸಬೇಡಿ, ಒಳಗಿದ್ದದ್ದು ಹೋಗಿಬಿಡುತ್ತದೆ. ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಕೂತ ತಕ್ಷಣ ನಾನು ಮಾಡುವುದು ಒಂದೇ ಕ್ರಮ. ಎಡಗಡೆ ಕೆಳಗಿರುವ 'ಮೋರ್ ಶೇಪ್ಸ್' ಒತ್ತಿ ಸಿಸ್ಕೊ ಕಂಪನಿಯ ನೆಟ್‌ವರ್ಕ್ ಐಕಾನ್‌ಗಳನ್ನು ಆನ್ ಮಾಡುತ್ತೇನೆ. ಒಂದು ಪಿಸಿ ಇಟ್ಟು, ಡಬಲ್ ಕ್ಲಿಕ್ ಮಾಡಿ ಅಡಿಯಲ್ಲಿ ಹೆಸರು ಬರೆದು, ಕಂಟ್ರೋಲ್ ಡಿ ಒತ್ತುತ್ತಾ ಹೋದರೆ ನಕಲುಗಳು ಬರುತ್ತವೆ, ಅವನ್ನು ಎಳೆದು ಜೋಡಿಸಿದರೆ ಇಡೀ ಲ್ಯಾಬ್ ಸಾಲಾಗಿ ನಿಲ್ಲುತ್ತದೆ. ಸ್ವಿಚ್ ಜರುಗಿಸಿದರೆ ಗೆರೆಗಳೂ ಜೊತೆಗೇ ಬರುತ್ತವೆ. ಕೇಬಲ್‌ಗಳನ್ನು ಒಂದು ಲೇಯರ್‌ನಲ್ಲಿ (ಪದರದಲ್ಲಿ), ಐಪಿ (ನೆಟ್‌ವರ್ಕ್‌ನಲ್ಲಿ ಪಿಸಿಯ ವಿಳಾಸ) ಮತ್ತು ವಿಲ್ಯಾನ್ (ಒಂದೇ ಸ್ವಿಚ್‌ನಲ್ಲಿ ಬೇರೆ ಮಾಡಿದ ಗುಂಪು) ಹೆಸರುಗಳನ್ನು ಇನ್ನೊಂದರಲ್ಲಿ ಇಡುತ್ತೇನೆ. ವೈವಾದಲ್ಲಿ ಮೊದಲು ಬರೀ ಕೇಬಲ್ ತೋರಿಸಿ, ಆಮೇಲೆ ಎರಡನೇ ಲೇಯರ್ ಆನ್ ಮಾಡಿದರೆ ವಿವರಿಸುವುದು ಎಷ್ಟು ಸಲೀಸು ಗೊತ್ತಾ!

ಇದಕ್ಕೂ ಮುಂಚೆ ಬಳಸುತ್ತಿದ್ದ ಒಂದು ಆನ್‌ಲೈನ್ ಸೇವೆಯ ಉಚಿತ ಖಾತೆಯಲ್ಲಿ ಮೂರೇ ಫೈಲ್, ಒಂದೊಂದಕ್ಕೆ ಇಷ್ಟೇ ಆಕೃತಿ ಅಂತ ಮಿತಿ ಇತ್ತು. ಎರಡು ಮಹಡಿಯ ನೆಟ್‌ವರ್ಕ್ ಬರೆಯುವಷ್ಟರಲ್ಲಿ ದುಡ್ಡು ಕೇಳುತ್ತಿತ್ತು. ಹಾಸ್ಟೆಲ್ ಖರ್ಚಿನ ಮೇಲೆ ತಿಂಗಳ ಚಂದಾ ಎಲ್ಲಿಂದ ತರುವುದು? ಡ್ರಾ ಡಾಟ್ ಐಓದ ಡೆಸ್ಕ್‌ಟಾಪ್ ಆವೃತ್ತಿ ವಿಂಡೋಸ್, ಲಿನಕ್ಸ್ ಎರಡಕ್ಕೂ ಇದೆ. ಒಮ್ಮೆ ಹಾಕಿಕೊಂಡರೆ ನೆಟ್ ಇಲ್ಲದೆಯೂ ಕೆಲಸ ನಡೆಯುತ್ತದೆ.

ಬಳಸುತ್ತಾ ಬಳಸುತ್ತಾ ಒಂದು ಕೊರತೆ ಮಾತ್ರ ಜಾಸ್ತಿ ಕಾಡತೊಡಗಿತು. ಇದಕ್ಕೆ ನೆಟ್‌ವರ್ಕ್ ಅಂದರೇನು ಅಂತ ಗೊತ್ತಿಲ್ಲ. ಎರಡು ಪಿಸಿಗೆ ಒಂದೇ ಐಪಿ, 192.168.10.5 ಅಂತ ತಪ್ಪಾಗಿ ಬರೆದರೂ ಸುಮ್ನೆ ಇರುತ್ತದೆ. /26 ಸಬ್‌ನೆಟ್‌ನಲ್ಲಿ (ನೆಟ್‌ವರ್ಕ್‌ನ ಒಂದು ಸಣ್ಣ ಭಾಗ) 62 ಹೋಸ್ಟ್‌ಗಿಂತ, ಅಂದರೆ ಪಿಸಿಯಂಥ ಸಾಧನಗಳಿಗಿಂತ ಜಾಸ್ತಿ ಹಿಡಿಯುವುದಿಲ್ಲ, ಅಲ್ವಾ? ಇಲ್ಲಿ 80 ಇಟ್ಟರೂ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಕಲಿಯುವವರಿಗೆ ಇದು ಅಪಾಯ. ಚಂದದ ಚಿತ್ರ ನೋಡಿದರೆ ನೆಟ್‌ವರ್ಕ್ ಕೂಡ ಸರಿ ಇದೆ ಅನ್ನಿಸಿಬಿಡುತ್ತದೆ. ಹಾಗಾಗಿ ಮೊದಲು ನೆಟ್‌ವರ್ಕ್ ನಿಜಕ್ಕೂ ನಡೆಯುತ್ತದಾ ಅಂತ ಪರೀಕ್ಷಿಸುವ ಸಿಸ್ಕೊ ಪ್ಯಾಕೆಟ್ ಟ್ರೇಸರ್‌ನಲ್ಲಿ ಜೋಡಿಸಿ, ಪಿಂಗ್ (ಒಂದು ಪಿಸಿಯಿಂದ ಇನ್ನೊಂದಕ್ಕೆ ಪರೀಕ್ಷೆಯ ಸಂದೇಶ) ಹೋಗುತ್ತದಾ ನೋಡಿ. ಅದೂ ಉಚಿತ, ಸಿಸ್ಕೊದ ನೆಟ್‌ವರ್ಕಿಂಗ್ ಅಕಾಡೆಮಿ ಖಾತೆ ಮಾಡಿಕೊಳ್ಳಬೇಕು ಅಷ್ಟೇ. ರಿಪೋರ್ಟ್‌ಗೆ ಹಾಕುವ ಚಿತ್ರವನ್ನು ಆಮೇಲೆ ಡ್ರಾ ಡಾಟ್ ಐಓದಲ್ಲಿ ಬರೆಯಿರಿ.

ಎಕ್ಸ್‌ಪೋರ್ಟ್ ಮಾಡುವಾಗ ಜೂಮ್ 300% ಇಟ್ಟರೆ ಪ್ರಿಂಟ್‌ನಲ್ಲಿ ಅಕ್ಷರ ಮಸುಕಾಗುವುದಿಲ್ಲ. ಇನ್ನೊಂದು, ವಿಲ್ಯಾನ್‌ಗಳನ್ನು ಬರೀ ಬಣ್ಣದಲ್ಲಿ ಬೇರೆ ಮಾಡಬೇಡಿ. ಕಪ್ಪು ಬಿಳುಪು ಜೆರಾಕ್ಸ್‌ನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ನಾನು ವಿಲ್ಯಾನ್ 10ಕ್ಕೆ ಪೂರ್ತಿ ಗೆರೆ, 20ಕ್ಕೆ ತುಂಡು ಗೆರೆ, 30ಕ್ಕೆ ಚುಕ್ಕಿ ಗೆರೆ ಹಾಕುತ್ತೇನೆ.