ಮ್ಯಾಪ್, ಜಾಹೀರಾತು, ಪುಟ: ಡೊಂಬಿವಲಿಯ ಅಂಗಡಿಗೆ ಯಾವುದು?

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಚಕ್ಕುಲಿ, ಚಟ್ನಿಪುಡಿ ಮಾರುವ ನಿಮ್ಮ ವೆಬ್‌ಸೈಟ್ ಜನರ ಕಣ್ಣಿಗೆ ಬೀಳಲು ಮೂರು ದಾರಿಗಳಿವೆ: ಮ್ಯಾಪ್‌ನಲ್ಲಿ ಅಂಗಡಿಯನ್ನು ತೋರಿಸುವ ಗೂಗಲ್ ಬಿಸಿನೆಸ್ ಪ್ರೊಫೈಲ್, ಗೂಗಲ್ ಹುಡುಕಾಟದಲ್ಲಿ ಕಾಣುವ ಜಾಹೀರಾತು, ಹುಡುಕಿದಾಗ ತಾವಾಗಿ ಸಿಗುವಂತೆ ತಿದ್ದಿದ ಸೈಟಿನ ಪುಟಗಳು.

ಖರ್ಚು ನೋಡಿದರೆ, ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಕಾಸಿಲ್ಲ. ಹುಡುಕಾಟದ ಜಾಹೀರಾತಿಗೆ ಕ್ಲಿಕ್ಕಿಗಿಷ್ಟು ಎಂದು ತೆರಬೇಕು. ಗಿರಾಕಿ ಕೊಂಡರೂ ಅಷ್ಟೇ, ಸುಮ್ಮನೆ ನೋಡಿ ಹೋದರೂ ಅಷ್ಟೇ. ಸೈಟಿನ ಪುಟಗಳನ್ನು ನೀವೇ ತಿದ್ದಿದರೆ ಸಮಯವೇ ಬಂಡವಾಳ.

ಬಾಳಿಕೆಯಲ್ಲಿ ಜಾಹೀರಾತು ನಲ್ಲಿಯ ನೀರು: ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ. ಪುಟಗಳು ಫಲ ಕೊಡಲು ತಿಂಗಳುಗಳೇ ಬೇಕು, ಆದರೆ ಉಳಿಯುತ್ತವೆ. ‘ನಮ್ಮ ಉತ್ಪನ್ನಗಳು’ ಎಂಬ ಶೀರ್ಷಿಕೆಯನ್ನು ಯಾರೂ ಹುಡುಕುವುದಿಲ್ಲ; ‘ಬೆಣ್ಣೆ ಚಕ್ಕುಲಿ, ಡೊಂಬಿವಲಿ ಪೂರ್ವ’ ಎಂದು ಬರೆಯಿರಿ. ಪಕ್ಕದ ಮನೆಯವರು ಹುಡುಕುವುದು ಮರಾಠಿಯ ‘ಚಕಲಿ’ಯನ್ನು, ಅದೂ ಪುಟದಲ್ಲಿರಲಿ. ಲೋಕಲ್ ರೈಲಿನಲ್ಲಿ ನಿಂತು ನೋಡುವವರಿಗಾಗಿ ಚಿತ್ರಗಳು ಹಗುರವಾಗಿರಲಿ.

ಗಿರಾಕಿ ಅಂಗಡಿಗೇ ಬರುವುದಾದರೆ ಮೊದಲು ಪ್ರೊಫೈಲ್: ಸರಿಯಾದ ಸಮಯ, ಗಾಜಿನ ಡಬ್ಬಿಗಳ ಫೋಟೊ, ವಿಮರ್ಶೆಗೆ ಉತ್ತರ. ವ್ಯಾಪಾರವೆಲ್ಲ ಕೊರಿಯರ್‌ನಲ್ಲೇ ಎಂದರೆ ಪ್ರೊಫೈಲ್‌ಗೆ ಅರ್ಹತೆಯೇ ಇಲ್ಲ, ಪುಟಗಳನ್ನೇ ನೆಚ್ಚಿಕೊಳ್ಳಿ. ದೀಪಾವಳಿಗೆ ಎರಡೇ ವಾರ ಉಳಿದಿದ್ದರೆ ಜಾಹೀರಾತು, ಅದೂ ಡೊಂಬಿವಲಿ, ಠಾಣೆಗಷ್ಟೇ ಸೀಮಿತವಾಗಿ.

‘ಮೊದಲ ಸ್ಥಾನ ಖಾತ್ರಿ’ ಎಂದು ಫೋನ್ ಮಾಡುವವರಿಗೆ ಮಾತ್ರ ಮುಂಗಡ ಕೊಡಬೇಡಿ. ಅಂಥ ಖಾತ್ರಿ ಯಾರಿಂದಲೂ ಸಾಧ್ಯವಿಲ್ಲವೆಂದು ಗೂಗಲ್ಲೇ ಹೇಳುತ್ತದೆ.